ಐದು ಪ್ರಾಣಿ, ಒಂದು ನೆಟ್ಟನೆಯ ಗೆರೆ!

ಐದೇ ಐದು ಪ್ರಾಣಿ! ಇಪ್ಪತ್ತೆರಡು ವರ್ಷ! ಎಷ್ಟು ನೆಲಕ್ಕೆ ಹಬ್ಬಿರಬಹುದು, ಹೇಳಿ ನೋಡೋಣ?

ಹೆಸರು ಮಸ್ಕ್‌ರ್ಯಾಟ್. ಇಲಿಯ ಬಳಗ. ತವರು ಉತ್ತರ ಅಮೆರಿಕದ ಕೆರೆ, ಹೊಳೆ, ಜೌಗು. ಮೈತುಂಬ ಒತ್ತಾದ ತುಪ್ಪಳ. ಬಾಲವಂತೂ ಎರಡೂ ಪಕ್ಕ ಒತ್ತಿದಂತೆ ಚಪ್ಪಟೆ, ಈಜುವಾಗ ಅದೇ ಚುಕ್ಕಾಣಿ! ತೂಕ ಒಂದು ಕಿಲೋ ಆಸುಪಾಸು. 1905ರಲ್ಲಿ ಪ್ರಾಗ್ ನಗರದ ಹತ್ತಿರ, ಡೋಬ್ರೀಶ್‌ನಲ್ಲಿ, ಇಂಥ ಐದನ್ನು ತಂದು ಬಿಟ್ಟರು. ಅಷ್ಟೇ!

ಒಂದು ತಾಲ್ಲೂಕು ಅಂದಿರಾ? ಒಂದು ಜಿಲ್ಲೆ? ಇನ್ನೂ ಮೇಲೇರಿ!

1927ರ ಹೊತ್ತಿಗೆ ಸುಮಾರು 2 ಲಕ್ಷ ಚದರ ಕಿಲೋಮೀಟರ್! ನಮ್ಮ ಇಡೀ ಕರ್ನಾಟಕವೇ 1,91,791!

ಇಲಿ ಜಾತಿ ತಾನೇ, ಹಬ್ಬದೆ ಇರುತ್ತದೆಯೇ ಅನ್ನಬೇಡಿ. ಮಜಾ ಇರುವುದು ಮುಂದೆ.

1951. ಬ್ರಿಟನ್ನಿನ ವಿಜ್ಞಾನಿ ಜೆ.ಜಿ. ಸ್ಕೆಲ್ಲಮ್ ಆ ಪ್ರಾಣಿಗಳು ಹಬ್ಬಿದ ನಕ್ಷೆ ಮುಂದಿಟ್ಟುಕೊಂಡು ಕೂತರು. ಎಲ್ಲೆಗಳೆಲ್ಲ ಅಂಕುಡೊಂಕು. ಒಂದೊಂದು ಎಲ್ಲೆಯ ಒಳಗಿನ ವಿಸ್ತೀರ್ಣ ಅಳೆದರು. ವರ್ಗಮೂಲ ತೆಗೆದರು. ಇಸವಿಯ ಎದುರು ಚುಕ್ಕಿ ಇಟ್ಟರು. ಏನು ಬಂತು ಗೊತ್ತೇ?

ನೆಟ್ಟನೆಯ ಗೆರೆ!

ಅಂದರೆ ಗಡಿ ವರ್ಷ ವರ್ಷವೂ ಒಂದೇ ವೇಗದಲ್ಲಿ ಸರಿದಿದೆ! ಯಾವ ಮಸ್ಕ್‌ರ್ಯಾಟ್ ಹತ್ತಿರವೂ ನಕ್ಷೆ ಇರಲಿಲ್ಲ! ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಬಂದ ದಾರಿಗೇ ವಾಪಸ್. ಒಂದೊಂದರದೂ ಕುಡುಕನ ನಡಿಗೆ. ಎಲ್ಲ ಸೇರಿದಾಗ? ಗಡಿ ವರ್ಷಕ್ಕೆ ಸರಾಸರಿ 11 ಕಿಲೋಮೀಟರ್‌ನಂತೆ ಮುಂದಕ್ಕೆ!

ಈ ವೇಗದ ಸೂತ್ರವೋ, ಅಂಗೈಯಲ್ಲಿ ಬರೆದುಕೊಳ್ಳುವಷ್ಟು ಪುಟ್ಟದು. ಸಂತಾನ ಹೆಚ್ಚುವ ದರ, ಅಲೆದಾಟದ ದರ: ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಇಮ್ಮಡಿ ಮಾಡಿ. ಗಡಿಯ ವೇಗ ಸಿಕ್ಕಿತು! ಸರಿ, ಸಂತಾನದ ದರ ನಾಲ್ಕು ಪಟ್ಟಾದರೆ ವೇಗ ಎಷ್ಟು ಪಟ್ಟು? ನಾಲ್ಕು ಅಂದವರು ಸೋತಿರಿ. ಬರೀ ಎರಡು!

ಈ ಲೆಕ್ಕವಿದ್ದ ಪ್ರಬಂಧದಲ್ಲೇ ಸ್ಕೆಲ್ಲಮ್ ಓಕ್ ಮರಕ್ಕೂ ಕೈ ಹಾಕಿದರು. ಮರ ಎಲ್ಲಾದರೂ ನಡೆಯುತ್ತದೆಯೇ? ನಡೆದಿದೆ! ಹಿಮಯುಗ ಮುಗಿದ ಮೇಲೆ ಓಕ್ ಬ್ರಿಟನ್ನಿನ ಉತ್ತರದ ತನಕ, ಸುಮಾರು ಸಾವಿರ ಕಿಲೋಮೀಟರ್ ಹೋಗಿದೆ. ಬೀಜ ನೋಡಿದರೆ ಭಾರ, ಉದುರುವುದು ತಾಯಿಯ ಬುಡದಲ್ಲೇ. ಹೀಗೆ ತಾನಾಗಿ ಹೋಗಲು ಹತ್ತು ಲಕ್ಷ ವರ್ಷ ಬೇಕೆಂದು 1899ರಲ್ಲೇ ಭೂವಿಜ್ಞಾನಿ ಕ್ಲೆಮೆಂಟ್ ರೀಡ್ ಅಂದಾಜಿಸಿದ್ದರು. ಸಿಕ್ಕಿದ್ದೋ ಕೆಲವೇ ಸಾವಿರ ವರ್ಷ!

ಸ್ಕೆಲ್ಲಮ್ ಲೆಕ್ಕವೂ ಖಡಾಖಂಡಿತ: ಬೀಜ ಬರೀ ಉದುರಿ ಇಷ್ಟು ದೂರ ಬರಲಾರದು, ಯಾರೋ ಹೊತ್ತಿದ್ದಾರೆ!

ಯಾರು ಹೇಳಿ? ಅವರು ಬೊಟ್ಟು ಮಾಡಿದ್ದು ಕಾಗೆಯ ದಾಯಾದಿ ರೂಕ್ ಹಕ್ಕಿಯಂಥವುಗಳ ಕಡೆಗೆ!