ಹಸುವಿನ ಜ್ವರ: ಥರ್ಮಾಮೀಟರ್ ಎಲ್ಲಿಡಬೇಕು?



"ಡಾಕ್ಟ್ರೇ, ಹಸುವಿಗೆ ಜ್ವರ ಬಂದಿದೆ, ಕಿವಿ ಮುಟ್ಟಿ ನೋಡ್ದೆ" ಎಂದು ನಿಮ್ಮಲ್ಲಿ ಅನೇಕರು ಫೋನ್ ಮಾಡುತ್ತೀರಿ. ಆದರೆ ಕಿವಿ ಹೇಳುವುದು ಚರ್ಮದ ಬಿಸಿಯನ್ನು ಮಾತ್ರ. ಬಿಸಿಲಲ್ಲಿ ಕಟ್ಟಿದ ಆರೋಗ್ಯವಂತ ಹಸುವಿನ ಕಿವಿಯೂ ಬಿಸಿಯಾಗಿರುತ್ತದೆ. ಜ್ವರ ಏರುತ್ತಾ ನಡುಗುವ ಹಸುವಿನ ಕಿವಿ ತಣ್ಣಗೂ ಇರಬಹುದು.

ಬಲ್ಕ್ ಕೂಲರ್ ಇರುವ ಸಂಘಗಳಲ್ಲಿ ಡೀಸೆಲ್ ಜನರೇಟರ್ ನೋಡಿರುತ್ತೀರಿ. ಅಂಥ ಎಂಜಿನ್ನಿನಲ್ಲಿ ಆಯಿಲ್ ಬಿಸಿ ತಿಳಿಯಬೇಕಾದರೆ ಸೆನ್ಸರನ್ನು ಹೊರಗಿನ ಕಬ್ಬಿಣಕ್ಕೆ ಅಂಟಿಸಿದರೆ ಸಾಲದು, ಆಯಿಲ್ ತಾಗುವಂತೆ ಒಳಗೆ ಕೂರಿಸಬೇಕು. ಹಸುವಿಗೂ ಇದೇ ಮಾತು. ಮೈಯೊಳಗಿನ ಬಿಸಿ ಸರಿಯಾಗಿ ಸಿಗುವುದು ಗುದದ್ವಾರದಲ್ಲಿ.

ನೋಡುವ ಕ್ರಮ

1. ಹಸುವನ್ನು ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಿ. ಬೆಳಗಿನ ಹೊತ್ತು ಒಳ್ಳೆಯದು.
2. ನೇರ ಹಿಂದೆ ನಿಲ್ಲಬೇಡಿ. ಪಕ್ಕದಲ್ಲಿ ನಿಂತು ಬಾಲವನ್ನು ಮೆಲ್ಲಗೆ ಎತ್ತಿ.
3. ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಎರಡು ಮೂರು ಇಂಚು ಒಳಗೆ ಬಿಡಿ.
4. ತುದಿಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ಒಳಗೋಡೆಗೆ ತಾಗಲಿ. ಸಗಣಿಯ ಮಧ್ಯೆ ಸಿಕ್ಕಿಕೊಂಡರೆ ಅಥವಾ ಒಳಗೆ ಗಾಳಿ ಇದ್ದರೆ ಲೆಕ್ಕ ಕಡಿಮೆ ಬರುತ್ತದೆ. ಈಗಷ್ಟೇ ಸಗಣಿ ಹಾಕಿದ್ದರೆ ಹತ್ತು ನಿಮಿಷ ಬಿಟ್ಟು ನೋಡಿ.
5. ಬೀಪ್ ಶಬ್ದ ಬರುವವರೆಗೆ ಕೈ ಬಿಡಬೇಡಿ. ಹಿಂತುದಿಗೆ ದಾರ ಕಟ್ಟಿಕೊಂಡರೆ ಒಳಗೆ ಜಾರುವ ಭಯವಿಲ್ಲ.
6. ತಣ್ಣೀರು, ಸೋಪಿನಿಂದ ತೊಳೆದು ಕೊಟ್ಟಿಗೆಗೇ ಬೇರೆ ಇಡಿ. ಮನೆಯ ಮಕ್ಕಳಿಗೆ ಬಳಸಬೇಡಿ.

ಎಷ್ಟಿದ್ದರೆ ಏನು?

ದೊಡ್ಡ ಹಸುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮಗೆ ಅದು ಜ್ವರ, ಹಸುವಿಗಲ್ಲ. ಕರುಗಳಿಗೆ ತುಸು ಹೆಚ್ಚಿರುತ್ತದೆ. ಸಂಜೆ ಬೆಳಗಿಗಿಂತ ಸ್ವಲ್ಪ ಏರುವುದೂ ಸಹಜ. 103 ದಾಟಿದ್ದರೆ ನೆರಳು, ನೀರು ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ತಿಳಿಸಿ. 104 ದಾಟಿದರೆ ಕಾಯಬೇಡಿ. ಉಣ್ಣೆಯಿಂದ ಬರುವ ಥೈಲೇರಿಯಾ, ಗಳಲೆ ರೋಗ, ಜೋರಾದ ಕೆಚ್ಚಲು ಬಾವು, ಇವೆಲ್ಲ ಹೀಗೇ ಶುರುವಾಗುತ್ತವೆ.

ಹಾಲು ಜ್ವರದಲ್ಲಿ ಜ್ವರವಿಲ್ಲ!

ಬಹಳ ಮುಖ್ಯವಾದ ಮಾತು ಇದು. ಕರು ಹಾಕಿದ ಮೂರು ದಿನದೊಳಗೆ, ಹೆಚ್ಚು ಹಾಲು ಕೊಡುವ ಹಸು ಮಲಗಿ ಏಳದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡಿದ್ದರೆ ಥರ್ಮಾಮೀಟರ್ ಇಟ್ಟು ನೋಡಿ. 100ಕ್ಕಿಂತ ಕೆಳಗೆ ಇಳಿದಿರಬಹುದು. ಹೆಸರು ಜ್ವರ ಎಂದಿದ್ದರೂ ಇದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ತೊಂದರೆ. ಜ್ವರದ ಮಾತ್ರೆ ಕೊಟ್ಟು ನಾಳೆ ನೋಡೋಣ ಎಂದರೆ ಹಸು ಉಳಿಯದೇ ಹೋಗಬಹುದು. ವೈದ್ಯರು ಬಂದು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ.

ಅಲ್ಲಿಯವರೆಗೆ ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿ ಕುಗ್ಗಿರುತ್ತದೆ, ಶ್ವಾಸಕೋಶಕ್ಕೆ ಹೋದರೆ ಅಪಾಯ. ಹುಲ್ಲು ತುಂಬಿದ ಗೋಣಿಚೀಲ ಒತ್ತಿಟ್ಟು, ಎದೆಯ ಮೇಲೆ ನೆಟ್ಟಗೆ ಕೂರುವಂತೆ ನೋಡಿಕೊಳ್ಳಿ.

ಫೋನ್ ಮಾಡುವಾಗ ನಾಲ್ಕು ವಿಷಯ ಹೇಳಿ: ಎಷ್ಟು ಡಿಗ್ರಿ, ಎಷ್ಟು ಹೊತ್ತಿಗೆ ನೋಡಿದಿರಿ, ಕರು ಹಾಕಿ ಎಷ್ಟು ದಿನವಾಯಿತು, ಮೇವು ಮತ್ತು ಹಾಲು ಎಷ್ಟು ಇಳಿದಿದೆ. ಇಷ್ಟು ತಿಳಿದರೆ ಯಾವ ಮನೆಗೆ ಮೊದಲು ಓಡಬೇಕು, ಯಾವ ಔಷಧಿ ಹಿಡಿದು ಬರಬೇಕು ಎಂಬುದು ನಮಗೆ ಗೊತ್ತಾಗುತ್ತದೆ.