ಷೇರು ಎರವಲು ಮತ್ತು ಷೇರುದಾರರ ಒಪ್ಪಿಗೆ

ಷೇರು ಎರವಲು ಎಂದರೆ ಒಬ್ಬ ಹೂಡಿಕೆದಾರನ ಷೇರುಗಳನ್ನು ಶುಲ್ಕಕ್ಕೆ ಪ್ರತಿಯಾಗಿ ನಿಗದಿತ ಅವಧಿಗೆ ಇನ್ನೊಬ್ಬರಿಗೆ ಒದಗಿಸುವ ವ್ಯವಹಾರ. ಎರವಲು ಪಡೆಯುವವರಲ್ಲಿ ಶಾರ್ಟ್ ಸೆಲ್ಲಿಂಗ್ ಮಾಡುವವರು ಪ್ರಮುಖರು. ಇವರು ತಮ್ಮದಲ್ಲದ ಷೇರನ್ನು ಇಂದಿನ ಬೆಲೆಗೆ ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂತಿರುಗಿಸಿ, ನಡುವಿನ ವ್ಯತ್ಯಾಸವನ್ನು ಲಾಭವಾಗಿ ಪಡೆಯುತ್ತಾರೆ. ಹೀಗಾಗಿ ಕಂಪನಿಯ ಏಳಿಗೆಯನ್ನು ನಂಬಿದವನ ಸ್ವತ್ತೇ ಅದರ ಬೆಲೆ ಕುಸಿಯಲೆಂದು ಕಾಯುವವರ ಕೈ ಸೇರಬಹುದು.

ಅಮೆರಿಕದಲ್ಲಿ ಮಾರ್ಜಿನ್ ಖಾತೆ ತೆರೆದ ಗ್ರಾಹಕನ ಷೇರುಗಳನ್ನು, ಆತ ಸಹಿ ಹಾಕಿದ ಒಪ್ಪಂದದ ಬಲದಿಂದ, ಬ್ರೋಕರ್ ಎರವಲು ನೀಡಬಲ್ಲನು. ಇದನ್ನು ಬಯಸದವರು ನಗದು ಖಾತೆಯಲ್ಲಿ ಷೇರು ಇಡುತ್ತಾರೆ. ಇಲ್ಲವೇ ಕಂಪನಿಯ ದಾಖಲೆ ಪುಸ್ತಕದಲ್ಲಿ ನೇರವಾಗಿ ತಮ್ಮ ಹೆಸರಿಗೇ ನೋಂದಾಯಿಸಿಕೊಳ್ಳುತ್ತಾರೆ.

== ಭಾರತದಲ್ಲಿ ==

ಬೆಂಗಳೂರು ಷೇರು ವಿನಿಮಯ ಕೇಂದ್ರ 1963ರಲ್ಲಿ ಆರಂಭವಾದಾಗ ಷೇರು ಎಂದರೆ ಕಾಗದದ ಪತ್ರ. ಮನೆಯ ಟ್ರಂಕಿನಲ್ಲಿದ್ದ ಪತ್ರವನ್ನು ಒಡೆಯನಿಗೆ ತಿಳಿಯದಂತೆ ಎರವಲು ಕೊಡುವುದು ಸುಲಭವಾಗಿರಲಿಲ್ಲ. 1996ರ ಡಿಪಾಸಿಟರಿ ಕಾಯ್ದೆಯ ನಂತರ ಷೇರುಗಳು ಡಿಮ್ಯಾಟ್ ರೂಪಕ್ಕೆ ಬಂದವು. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲಿರುವ ಖಾತೆ ಹೂಡಿಕೆದಾರನ ಹೆಸರಿನಲ್ಲಿಯೇ ಇರುತ್ತದೆ, ಬ್ರೋಕರನ ಹೆಸರಿನಲ್ಲಲ್ಲ. ವಿನಿಮಯ ಕೇಂದ್ರಗಳ ಮೂಲಕ ಷೇರು ಎರವಲು ವ್ಯವಸ್ಥೆ 2008ರ ಏಪ್ರಿಲ್ 21ರಂದು ಜಾರಿಗೆ ಬಂತು. ಅದರಲ್ಲಿ ಒಡೆಯನೇ ಮುಂದಾಗಿ ಷೇರನ್ನು ಎರವಲಿಗೆ ಒಡ್ಡಬೇಕು. ಶುಲ್ಕವೂ ಅವನಿಗೇ ಸೇರುತ್ತದೆ.

ನಿಯಮ ಹೀಗಿದ್ದರೂ ದುರ್ಬಲ ಕೊಂಡಿಯೊಂದಿತ್ತು. ಖಾತೆ ತೆರೆಯುವಾಗ ಕಾಗದಗಳ ಕಟ್ಟಿನ ನಡುವೆ, ಬಹುತೇಕರು ಓದದೆಯೇ ಸಹಿ ಹಾಕುತ್ತಿದ್ದ ಮುಖ್ತ್ಯಾರುನಾಮೆಯೇ ಅದು. ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಸಂಸ್ಥೆ ಇಂಥ ಅಧಿಕಾರವನ್ನು ದುರುಪಯೋಗಪಡಿಸಿಕೊಂಡು ಗ್ರಾಹಕರ ಷೇರುಗಳನ್ನು ಒತ್ತೆಯಿಟ್ಟು ಸಾಲ ಎತ್ತಿತ್ತು. ಇದು ಶಾರ್ಟ್ ಸೆಲ್ಲಿಂಗ್‌ಗೆ ಕೊಟ್ಟ ಎರವಲಲ್ಲ. ಆದರೆ ಒಡೆಯನ ಅರಿವಿಲ್ಲದೆ ಷೇರು ಪರರ ಪಾಲಾಗುವ ದಾರಿ ಒಂದೇ. 2019ರ ನವೆಂಬರ್ 22ರಂದು ಸೆಬಿ ಆ ಸಂಸ್ಥೆಯ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿತು. ಮರುತಿಂಗಳು ಸುಮಾರು 83,000 ಗ್ರಾಹಕರ ಷೇರುಗಳು ಅವರ ಖಾತೆಗಳಿಗೆ ಮರಳಿದವು.

== ಷೇರುದಾರರಿಗಿರುವ ರಕ್ಷಣೆ ==

2020ರ ಸೆಪ್ಟೆಂಬರ್‌ನಿಂದ ಮಾರ್ಜಿನ್‌ಗಾಗಿ ಕೊಡುವ ಷೇರು ಬ್ರೋಕರನ ಖಾತೆಗೆ ಹೋಗುವುದಿಲ್ಲ. ಹೂಡಿಕೆದಾರನ ಖಾತೆಯಲ್ಲಿಯೇ ಉಳಿದು ಒತ್ತೆಯೆಂದು ಗುರುತಾಗುತ್ತದೆ. 2022ರ ನವೆಂಬರ್‌ನಲ್ಲಿ ಮುಖ್ತ್ಯಾರುನಾಮೆಯ ಬದಲಿಗೆ ಡಿಡಿಪಿಐ ಎಂಬ ಸೀಮಿತ ಅಧಿಕಾರ ಪತ್ರ ಬಂತು. ಷೇರು ಎರವಲು ಕೊಡುವ ಅಧಿಕಾರ ಅದರಲ್ಲಿಲ್ಲ. ಅದಕ್ಕೂ ಸಹಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಹಾಕದವರು ಪ್ರತಿ ಮಾರಾಟವನ್ನೂ ಟಿಪಿನ್ ಮತ್ತು ಒಟಿಪಿ ಮೂಲಕ ತಾವೇ ಅನುಮೋದಿಸಬಹುದು. ಹಳೆಯ ಮುಖ್ತ್ಯಾರುನಾಮೆಯನ್ನು ರದ್ದುಪಡಿಸಲು ಬ್ರೋಕರನಿಗೆ ಲಿಖಿತವಾಗಿ ತಿಳಿಸಬೇಕು.

ದೀರ್ಘಕಾಲ ಮಾರುವ ಉದ್ದೇಶವಿಲ್ಲದವರು ಖಾತೆಯಿಂದ ಷೇರು ಹೊರಹೋಗದಂತೆ ತಡೆ ಹಾಕಿಸಬಹುದು. ಬ್ರೋಕರ್ ಕಳುಹಿಸುವ ಲೆಕ್ಕಕ್ಕಿಂತ ಡಿಪಾಸಿಟರಿಯೇ ನೇರವಾಗಿ ಕಳುಹಿಸುವ ಒಟ್ಟು ವಿವರಪಟ್ಟಿ ಹೆಚ್ಚು ನಂಬಲರ್ಹ. ಮೊಬೈಲ್ ಸಂಖ್ಯೆ ಬದಲಾದಾಗ ಅಲ್ಲಿಯೂ ತಿದ್ದಿಸದಿದ್ದರೆ ಎಚ್ಚರಿಕೆಯ ಸಂದೇಶಗಳು ತಲುಪುವುದಿಲ್ಲ. ಬ್ರೋಕರನಿಂದ ಸಾಲ ಪಡೆದು ಕೊಂಡ ಷೇರುಗಳು ಮಾತ್ರ ಸಾಲ ತೀರುವವರೆಗೆ ಅವನಿಗೆ ಒತ್ತೆಯಾಗಿಯೇ ಇರುತ್ತವೆ.