ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಂತೆ

ರಿಪೋರ್ಟಿನಲ್ಲಿ ಟಿಎಸ್‌ಎಚ್ 12 ಎಂದು ಬಂದಿದೆ. ಪಕ್ಕದಲ್ಲೇ ಇರಬೇಕಾದ ಮಟ್ಟ ಸುಮಾರು 0.4ರಿಂದ 4 ಎಂದಿದೆ. ಮನೆಯವರು ‘ಥೈರಾಯ್ಡ್ ಜಾಸ್ತಿಯಾಗಿದೆಯಂತೆ’ ಎಂದರೆ ಡಾಕ್ಟರು ‘ಕಡಿಮೆ ಇದೆ, ಮಾತ್ರೆ ಬೇಕು’ ಎನ್ನುತ್ತಾರೆ. ಡಾಕ್ಟರು ಹೇಳಿದ್ದೇ ಸರಿ. ಏಕೆಂದರೆ ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ.

ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ ರಾಸಾಯನಿಕಗಳೇ ಹಾರ್ಮೋನುಗಳು. ರಕ್ತದೊಡನೆ ಮೈಯೆಲ್ಲ ಸುತ್ತಿದರೂ, ತಮ್ಮನ್ನು ಗುರುತಿಸುವ ಗ್ರಾಹಕಗಳಿರುವ ಜೀವಕೋಶಗಳಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ. ಥೈರಾಯ್ಡ್ ಹಾರ್ಮೋನಿಗೆ ಅಂಥ ಗ್ರಾಹಕಗಳು ಹೆಚ್ಚುಕಡಿಮೆ ಎಲ್ಲ ಅಂಗಗಳಲ್ಲೂ ಇವೆ. ಹಾಗಾಗಿಯೇ ಅದು ಕಡಿಮೆಯಾದಾಗ ಸುಸ್ತು, ಮಲಬದ್ಧತೆ, ಒಣಚರ್ಮ, ಕೂದಲುದುರುವಿಕೆ, ಮುಟ್ಟಿನ ಏರುಪೇರು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ತೊಂದರೆಗಳು ಒಟ್ಟಿಗೇ ಬರುತ್ತವೆ.

ಆಜ್ಞೆ ಬರುವುದು ಮೇಲಿನಿಂದ

ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಬಿಡುತ್ತದೆ. ಅದಕ್ಕೆ ಸೂಚನೆ ಕೊಡುವುದು ಅದರ ಮೇಲಿರುವ ಹೈಪೊಥಲಾಮಸ್. ಟಿಎಸ್‌ಎಚ್ ಬಂದು ತಟ್ಟಿದಾಗ, ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ರಕ್ತದಿಂದ ಅಯೋಡಿನ್ ಹೀರಿ ಹಾರ್ಮೋನು ತಯಾರಿಸುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ಅಯೋಡಿನ್ ಪರಮಾಣುಗಳ ಟಿ4. ಯಕೃತ್ತು, ಮೂತ್ರಪಿಂಡ ಮೊದಲಾದ ಕಡೆ ಒಂದು ಅಯೋಡಿನ್ ಕಳಚಿಕೊಂಡು ಅದು ಚುರುಕಾದ ಟಿ3 ಆಗುತ್ತದೆ.

ರಕ್ತದಲ್ಲಿ ಟಿ4, ಟಿ3 ಸಾಕಷ್ಟಿದ್ದರೆ ಪಿಟ್ಯುಟರಿ ಟಿಎಸ್‌ಎಚ್ ಅನ್ನು ಹಿಡಿತದಲ್ಲಿಡುತ್ತದೆ. ಅವು ಇಳಿದರೆ, ಕಿವಿ ಮಂದವಾದ ಅಜ್ಜಿಯ ಮುಂದೆ ನಮ್ಮ ದನಿ ತಾನಾಗಿ ಏರುವಂತೆ, ಟಿಎಸ್‌ಎಚ್ ಏರುತ್ತದೆ. ಟಿ4 ತುಸು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುವುದರಿಂದ ಪರೀಕ್ಷೆಯಲ್ಲಿ ಮೊದಲು ನೋಡುವುದು ಇದನ್ನೇ.

ರಿಪೋರ್ಟ್ ಓದುವುದು

ಟಿಎಸ್‌ಎಚ್ ಹೆಚ್ಚು, ಟಿ4 ಕಡಿಮೆ ಎಂದಿದ್ದರೆ ಥೈರಾಯ್ಡ್ ಸೋತಿದೆ. ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಹೆಚ್ಚು ಎಂದಿದ್ದರೆ ಅದು ಅತಿಯಾಗಿ ದುಡಿಯುತ್ತಿದೆ. ಟಿಎಸ್‌ಎಚ್ ಮಾತ್ರ ತುಸು ಹೆಚ್ಚಿದ್ದು ಟಿ4 ಸರಿಯಿದ್ದರೆ ಎಲ್ಲರಿಗೂ ಮಾತ್ರೆ ಬೇಕಿಲ್ಲ. ವಯಸ್ಸು, ಗರ್ಭಧಾರಣೆ, ಲಕ್ಷಣಗಳನ್ನು ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಟಿ4 ಇಳಿದಿದ್ದರೂ ಟಿಎಸ್‌ಎಚ್ ಏರದಿದ್ದರೆ ಪಿಟ್ಯುಟರಿಯ ಮೇಲೇ ಅನುಮಾನ ಹೋಗಬೇಕು. ಇನ್ನೊಂದು ಎಚ್ಚರ: ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಅಂಕಿಗಳನ್ನೇ ತಿರುಚಬಲ್ಲದು. ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಉಪ್ಪು ಮತ್ತು ಮಾತ್ರೆ

ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಅಯೋಡಿನ್ ಬೇಕು. ಅಯೋಡಿನ್ ಸೇರಿಸಿದ ಉಪ್ಪು ಅದರ ಕೊರತೆ ತುಂಬುತ್ತದೆ. ಆದರೆ ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಸೋಲಲು ಮುಖ್ಯ ಕಾರಣ, 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುತ್ತದೆ. ಹೆಚ್ಚು ಉಪ್ಪು ತಿಂದರೆ ಇದು ವಾಸಿಯಾಗದು.

ಲಿವೊಥೈರಾಕ್ಸಿನ್ ಮಾತ್ರೆ ಎಂದರೆ ಹೊರಗಿನಿಂದ ಕೊಡುವ ಟಿ4. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಟಿ4 ಸರಿಯಾಗಿ ಮೈಗೆ ಹತ್ತುವುದಿಲ್ಲ. ರಕ್ತದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಆದ್ದರಿಂದ ಡೋಸ್ ಬದಲಿಸಿದರೆ ಮರುಪರೀಕ್ಷೆ ಸುಮಾರು ಆರು ವಾರಗಳ ನಂತರ. ಅದಕ್ಕೂ ಮೊದಲು ಮಾಡಿಸಿದರೆ ಪೂರ್ಣ ಚಿತ್ರ ಸಿಗದು. ಗರ್ಭ ನಿಂತರೆ ಮಾತ್ರೆ ನಿಲ್ಲಿಸದೆ ತಕ್ಷಣ ಡಾಕ್ಟರನ್ನು ಕಾಣಬೇಕು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಡೋಸ್ ಹೆಚ್ಚಿಸಬೇಕಾಗುವುದೇ ಹೆಚ್ಚು.

‘ನಾರ್ಮಲ್ ಬಂತು’ ಎಂದು ಮಾತ್ರೆ ಬಿಡುವವರು ಬಹಳ. ನಾರ್ಮಲ್ ಬಂದದ್ದು ಗ್ರಂಥಿ ಚೇತರಿಸಿಕೊಂಡದ್ದರಿಂದಲೋ, ಮಾತ್ರೆ ಅದರ ಕೆಲಸ ಮಾಡುತ್ತಿರುವುದರಿಂದಲೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಬಿಡುವ ಮೊದಲು ಡಾಕ್ಟರನ್ನು ಕೇಳಿ.